ಹನ್ನೆರಡು ಬ್ಯಾಂಕುಗಳು ಮತ್ತು ಒಂದು ದವಡೆಹಲ್ಲು

ಪಕ್ಕದ ಕೋಣೆಯಲ್ಲಿ ಕಳ್ಳತನ ಪತ್ತೆಯಾದಾಗ ಇನ್ಸ್‌ಪೆಕ್ಟರ್ ಬಾಯಿ ತೆರೆದುಕೊಂಡು ಮಲಗಿದ್ದರು.

ಸೋಮವಾರ ಬೆಳಿಗ್ಗೆ. ಬಲಗಡೆಯ ಕೆಳದವಡೆ ಮರಗಟ್ಟಲು ಇಂಜೆಕ್ಷನ್ ಕೊಟ್ಟು, "ಹತ್ತು ನಿಮಿಷ ಹಾಗೇ ಇರಿ ಮೇಡಂ" ಎಂದು ದಂತವೈದ್ಯರು ಒಳಕೋಣೆಗೆ ಹೋಗಿದ್ದರು. ಇನ್ಸ್‌ಪೆಕ್ಟರ್ ಆಗಾಗ ಕೆನ್ನೆ ಮುಟ್ಟಿಕೊಳ್ಳುತ್ತಿದ್ದರು. ಯಾರದೋ ಕೆನ್ನೆ ಮುಟ್ಟಿದ ಹಾಗಿತ್ತು.

ಒಳಗೆ ಸ್ಟೀಲ್ ತಟ್ಟೆ ಬಿದ್ದ ಸದ್ದಾಯಿತು. ಹಿಂದೆಯೇ ದಂತವೈದ್ಯರ ದನಿ.

"ಎಲ್ಲಾ ಹೋಯ್ತು. ಪೂರ್ತಿ ಖಾಲಿ."

ಇನ್ಸ್‌ಪೆಕ್ಟರ್ ಎದ್ದರು. ಕತ್ತಿಗೆ ಕಟ್ಟಿದ್ದ ಪ್ಲಾಸ್ಟಿಕ್ ಬಟ್ಟೆ ಬಿಚ್ಚುವುದನ್ನು ಮರೆತೇ ಒಳಗೆ ಹೋದರು. ಅಲ್ಲಿ ಇಬ್ಬರಿದ್ದರು. ಒಬ್ಬರು ದಂತವೈದ್ಯರು. ಇನ್ನೊಬ್ಬರು ಅದೇ ಕಟ್ಟಡದ ಕೆಳಗಡೆ ಅಂಗಡಿಯ ಟೈಲರ್, ಅಳತೆ ಪಟ್ಟಿ ಇನ್ನೂ ಕೊರಳಲ್ಲೇ. ಇಬ್ಬರ ಎದುರಿಗೆ ಒಂದು ಲ್ಯಾಪ್‌ಟಾಪ್.

"ಏನು ಹೋಯ್ತು?"

"ದುಡ್ಡು, ಮೇಡಂ. ಷೇರು ಖಾತೆಯಲ್ಲಿ ಇಟ್ಟಿದ್ದ ಅಷ್ಟೂ ದುಡ್ಡು. ಶುಕ್ರವಾರ ಮಧ್ಯಾಹ್ನ ಮಾರುಕಟ್ಟೆ ಮುಚ್ಚೋಕೆ ಹತ್ತು ನಿಮಿಷ ಇರುವಾಗ ಯಾರೋ ಒಳಗೆ ಹೊಕ್ಕು ಷೇರು ಕೊಂಡುಬಿಟ್ಟಿದ್ದಾರೆ."

"ಯಾವ ಷೇರು?"

"ಬ್ಯಾಂಕುಗಳದ್ದು. ಹನ್ನೆರಡು ಬ್ಯಾಂಕು."

"ಅಂದ್ರೆ ಕಳ್ಳ ನಿಮ್ಮ ದುಡ್ಡು ತಗೊಂಡು ಬ್ಯಾಂಕಿನಲ್ಲಿ ಹಾಕಿದ್ದಾನೆ."

ಟೈಲರ್ ನಗಲು ಹೋಗಿ ನಿಲ್ಲಿಸಿದರು. ಇನ್ಸ್‌ಪೆಕ್ಟರ್ ಮುಖದ ಎಡಭಾಗ ಮಾತ್ರ ನಗುತ್ತಿತ್ತು. ಬಲಭಾಗ ಬಂಧಿಸಲು ಬಂದ ಹಾಗಿತ್ತು.

"ದುಡ್ಡು ನಿಮ್ಮದೇ ತಾನೆ ಡಾಕ್ಟ್ರೇ?"

ದಂತವೈದ್ಯರು ಬಾಗಿಲು ಮುಂದಕ್ಕೆ ತಳ್ಳಿ ದನಿ ತಗ್ಗಿಸಿದರು. "ನಮ್ಮಕ್ಕಂದು. ಹೊರಗೆ ಅಪಾಯಿಂಟ್‌ಮೆಂಟ್ ಬರ್ಕೊಳ್ತಾಳಲ್ಲ, ಅವಳದ್ದು. ಅಮ್ಮನ ಮನೆ ಮಾರಿದಾಗ ಅವಳ ಪಾಲಿಗೆ ಬಂದದ್ದು. ಚಿತ್ರಗಳಿಗೆ ಕಟ್ಟು ಹಾಕೋ ಅಂಗಡಿ ಇಡಬೇಕು ಅಂತ ಅವಳ ಆಸೆ. ಬೆಳೆಸಿ ಕೊಡ್ತೀನಿ ಅಂದಿದ್ದೆ."

"ಬೆಳೀತಾ?"

"ಅರ್ಧಕ್ಕೆ ಬೆಳೀತು."

ಗ್ಲೌಸ್ ಹಾಕಿದ ಅವರ ಎರಡೂ ಕೈ ನಡುಗುತ್ತಿದ್ದವು. ಇನ್ಸ್‌ಪೆಕ್ಟರ್ ಆ ಕೈಗಳನ್ನೇ ನೋಡಿದರು.

"ಈ ಕೈಯಲ್ಲಿ ನನ್ನ ಹಲ್ಲು ಕೀಳ್ತೀರಾ?"

"ಕೀಳ್ತೀನಿ ಮೇಡಂ. ಯಾವ ಹಲ್ಲು ಅಂತ ಮಾತ್ರ ಹೇಳಲಾರೆ."

ಇಂಜೆಕ್ಷನ್ ಎಷ್ಟು ಹೊತ್ತು ಇರುತ್ತದೆ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಒಂದು ಗಂಟೆ ಎಂದರು ವೈದ್ಯರು. ಹದಿನೇಳು ವರ್ಷದ ನೌಕರಿಯಲ್ಲಿ ಯಾವ ಮೇಲಧಿಕಾರಿಯೂ ಇಷ್ಟು ಖಡಕ್ಕಾದ ಗಡುವು ಕೊಟ್ಟಿರಲಿಲ್ಲ.

* * *

ವಿಚಾರಣೆಗೆ ಬೇರೆ ಜಾಗ ಇರಲಿಲ್ಲ. ಟೈಲರನ್ನು ಹಲ್ಲಿನ ಕುರ್ಚಿಯಲ್ಲೇ ಮಲಗಿಸಿ ಮೇಲಿನ ದೀಪ ಹಾಕಲಾಯಿತು.

"ನಿಮಗೂ ಈ ಖಾತೆಗೂ ಏನು ಸಂಬಂಧ?"

"ನಾನು ಬೀಗ, ಮೇಡಂ." ಟೈಲರ್ ಕಣ್ಣು ಕಿರಿದು ಮಾಡಿಕೊಂಡರು. "ಡಾಕ್ಟ್ರು ಬೆಳಿಗ್ಗೆ ಕೊಳ್ಳೋದು, ಮಧ್ಯಾಹ್ನ ಮಾರೋದು, ಸಂಜೆ ತಲೆ ಮೇಲೆ ಕೈ ಹೊತ್ತು ನನ್ನ ಅಂಗಡಿಗೆ ಬರೋದು. ದೊಡ್ಡ ಏಟು ಬಿದ್ದ ಮೇಲೆ ಒಂದು ಉಪಾಯ ಮಾಡಿದ್ವಿ. ಪಾಸ್‌ವರ್ಡ್ ಎರಡು ತುಂಡು. ಮೊದಲನೇದು ಅವರಿಗೆ, ಎರಡನೇದು ನನಗೆ. ಅವರದ್ದು ನನಗೆ ಗೊತ್ತಿಲ್ಲ, ನನ್ನದು ಅವರಿಗೆ ಗೊತ್ತಿಲ್ಲ. ಇಬ್ಬರೂ ಸೇರದೆ ಬಾಗಿಲು ತೆಗೆಯಲ್ಲ."

"ಇವತ್ತು ಬೆಳಿಗ್ಗೆ ಇಬ್ಬರೂ ಯಾಕೆ ಸೇರಿದ್ರಿ?"

ಟೈಲರ್ ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡರು. ಇನ್ಸ್‌ಪೆಕ್ಟರ್ ದೀಪವನ್ನು ಸ್ವಲ್ಪ ಕೆಳಗೆ ಎಳೆದರು. ಅವರ ಮರಗಟ್ಟಿದ ಬಲಗಡೆಯ ತುಟಿ ತಾನಾಗಿಯೇ ಜೋತುಬಿತ್ತು.

"ಹೇಳ್ತೀನಿ ಮೇಡಂ. ಗಿರಾಕಿಗಳು ಕೊಟ್ಟ ಬಟ್ಟೆಯಲ್ಲಿ ಉಳಿದ ತುಂಡು ನಾನೇ ಇಟ್ಕೊಳ್ತೀನಿ. ನನ್ನ ಮೊಮ್ಮಕ್ಕಳ ಅಂಗಿ ಎಲ್ಲಾ ಹಾಗೇ ಆದದ್ದು."

"ಅದನ್ನ ನಾನು ಕೇಳಲಿಲ್ಲ."

"ಕೇಳೋ ಮುಖ ಮಾಡಿದ್ರಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ಇನ್ಸ್‌ಪೆಕ್ಟರ್ ಬೇಕಾದಷ್ಟು ನೋಡಿದ್ದರು. ಹೆಸರೇ ಹೇಳದೆ ಮುಟ್ಟಿಕೊಂಡವರು ಇವರೊಬ್ಬರೇ. ಉಳಿದದ್ದು ಸಲೀಸಾಗಿ ಹೊರಬಂತು. ಯಾವುದೋ ಸಕ್ಕರೆ ಕಾರ್ಖಾನೆ ಷೇರು ಇವತ್ತು ಏರುತ್ತದೆ ಎಂದು ವೈದ್ಯರಿಗೆ ಸುದ್ದಿ ಬಂದಿತ್ತು. ಒಂದೇ ಸಲ, ಕಳೆದದ್ದೆಲ್ಲ ವಾಪಸ್, ಇನ್ನು ಜನ್ಮದಲ್ಲಿ ಕೇಳುವುದಿಲ್ಲ ಎಂದು ಗೋಗರೆದಿದ್ದರು. ಟೈಲರ್ ಕರಗಿದ್ದರು. ಇಬ್ಬರೂ ಬೀಗ ತೆಗೆದು ನೋಡಿದರೆ ಒಳಗೆ ಕಾಸಿಲ್ಲ.

"ಒಳ್ಳೆ ಬೀಗ ನೀವು," ಎಂದರು ಇನ್ಸ್‌ಪೆಕ್ಟರ್. "ನಿಮ್ಮ ತುಂಡನ್ನ ಬೇರೆ ಯಾರಿಗಾದ್ರೂ ಹೇಳಿದ್ರಾ?"

"ದೇವರಾಣೆಗೂ ಇಲ್ಲ. ಡಾಕ್ಟ್ರಿಗಂತೂ ಗೊತ್ತಾಗೋ ಹಾಗೇ ಇಲ್ಲ. ಅವರು ರೋಗಿ ಬಾಯಲ್ಲಿ ಕೈ ಇಟ್ಕೊಂಡಿದ್ದಾಗ ಬಂದು ಹಾಕಿ ಹೋಗಿದ್ದೆ. ಅದೂ ಕನ್ನಡಕ ಕೆಳಗೆ ಬಿಟ್ಟು ಬಂದು ಪಾಡು ಪಟ್ಟಿದ್ದೆ."

* * *

ವೈದ್ಯರ ಹೇಳಿಕೆ ಚಿಕ್ಕದಾಗಿತ್ತು. ಟೈಲರೇ ಕಳ್ಳ. ಇಲ್ಲದಿದ್ದರೆ ಕಂಪ್ಯೂಟರ್ ಕಳ್ಳರು. ಅದೂ ಇಲ್ಲದಿದ್ದರೆ ಹಣೆಬರಹ.

"ಷೇರು ಕೊಂಡ ತಕ್ಷಣ ಫೋನಿಗೆ ಮೆಸೇಜ್ ಬರಬೇಕಲ್ಲ?"

"ಬಂದಿಲ್ಲ ಮೇಡಂ. ಬಂದಿದ್ರೆ ಅಕ್ಕ ಓದಿ ಹೇಳ್ತಿದ್ಲು. ಕೆಲಸದ ಹೊತ್ತಲ್ಲಿ ಫೋನ್ ಅವಳ ಮೇಜಿನ ಮೇಲೇ ಇರತ್ತೆ. ಕೈಯಲ್ಲಿ ಗ್ಲೌಸ್ ಇರತ್ತಲ್ಲ."

"ಹನ್ನೆರಡು ಬ್ಯಾಂಕಿಗೆ ಎಷ್ಟೆಷ್ಟು ಹಾಕಿದ್ದಾರೆ?"

"ಅದೇ ವಿಚಿತ್ರ. ಎಲ್ಲದಕ್ಕೂ ಸಮ ಸಮ. ಒಳ್ಳೇದು ಕೆಟ್ಟದ್ದು ಅಂತ ನೋಡೇ ಇಲ್ಲ. ಸುದ್ದಿ ಇಲ್ಲ, ಚಾರ್ಟ್ ಇಲ್ಲ. ಇದೇನು ಷೇರು ಕೊಳ್ಳೋ ರೀತೀನಾ? ಮಕ್ಕಳಿಗೆ ಪೆಪ್ಪರ್‌ಮೆಂಟ್ ಹಂಚಿದ ಹಾಗಿದೆ."

ಇನ್ಸ್‌ಪೆಕ್ಟರ್‌ಗೆ ಮೊದಲ ಎಳೆ ಸಿಕ್ಕಿತು. ಇದು ಜೂಜುಗಾರನ ಕೈಯಲ್ಲ. ಸೋತವನು ಒಂದೇ ಕುದುರೆಯ ಮೇಲೆ ಕಟ್ಟುತ್ತಾನೆ. ಇಲ್ಲಿ ಯಾರೋ ಲಾಯದ ಕುದುರೆಗಳಿಗೆಲ್ಲ ಹುಲ್ಲು ಹಾಕಿದ್ದಾರೆ.

"ಆರಿಸಬಾರದು, ಎಲ್ಲವನ್ನೂ ಸಮನಾಗಿ ಕೊಳ್ಳಬೇಕು ಅನ್ನೋರು ಯಾರಾದ್ರೂ ಗೊತ್ತಾ ನಿಮಗೆ?"

ವೈದ್ಯರ ಮುಖ ಕಪ್ಪಿಟ್ಟಿತು. "ಮೇಷ್ಟ್ರು. ಹೊರಗೇ ಕಾಯ್ತಾ ಇದ್ದಾರೆ."

* * *

ಕಾಯುವ ಕೋಣೆ ಕಿಕ್ಕಿರಿದಿತ್ತು. ಕುರ್ಚಿಗಳು ಆರು, ಜನ ಹನ್ನೊಂದು. ಮೂಲೆಯ ಮೇಜಿನ ಹಿಂದೆ ಅಕ್ಕ ಕೂತಿದ್ದರು. ಐವತ್ತರ ಆಸುಪಾಸು. ಅಚ್ಚುಕಟ್ಟಾದ ರಿಜಿಸ್ಟರು, ಚೂಪಾದ ಪೆನ್ಸಿಲು. ಇನ್ಸ್‌ಪೆಕ್ಟರನ್ನು ನೋಡಿ, "ನೋವು ಶುರುವಾಯ್ತಾ ಮೇಡಂ?" ಎಂದರು.

"ಇನ್ನೂ ಇಲ್ಲ."

ಅರ್ಥಶಾಸ್ತ್ರದ ಮೇಷ್ಟ್ರು ಗೋಡೆಗೆ ಒರಗಿ ನಿಂತು, ಪಕ್ಕದ ಅಜ್ಜಿಗೆ ಮಾರುಕಟ್ಟೆಯ ದಕ್ಷತೆಯನ್ನು ವಿವರಿಸುತ್ತಿದ್ದರು. ಅಜ್ಜಿ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಒಪ್ಪಿಕೊಳ್ಳುತ್ತಿದ್ದರು.

"ಬೇಗ ಸರಿಯೋ ಸಾಲು ಅಂತ ಒಂದಿದ್ರೆ ಎಲ್ಲರೂ ಅಲ್ಲಿಗೇ ಹೋಗ್ತಾರೆ. ಆಗ ಅದೂ ನಿಧಾನ ಆಗತ್ತೆ. ಷೇರೂ ಹಾಗೇ ಅಜ್ಜಿ. ನಿಮಗೆ ಗೊತ್ತಿರೋದು ಎಲ್ಲರಿಗೂ ಗೊತ್ತು. ಅದೆಲ್ಲಾ ಆಗಲೇ ಬೆಲೆಯೊಳಗೆ ಸೇರಿಬಿಟ್ಟಿರತ್ತೆ."

"ನನ್ನ ನಂಬರ್ ಐದು," ಎಂದರು ಅಜ್ಜಿ.

ಇನ್ಸ್‌ಪೆಕ್ಟರ್ ನಡುವೆ ಬಂದರು. "ಮೇಷ್ಟ್ರೇ, ಶುಕ್ರವಾರ ಯಾರದೋ ದುಡ್ಡಲ್ಲಿ ಹನ್ನೆರಡು ಬ್ಯಾಂಕ್ ಷೇರು ಸಮ ಸಮ ಕೊಂಡವರು ನೀವೇನಾ?"

ಮೇಷ್ಟ್ರು ಕೆಂಪಾದರು. ಕಳ್ಳ ಎಂದದ್ದಕ್ಕಲ್ಲ.

"ಬರೀ ಬ್ಯಾಂಕಾ? ಬರೀ ಬ್ಯಾಂಕ್ ಕೊಂಡ್ರೆ ಅದೂ ಆರಿಸಿದ ಹಾಗೇ ಅಲ್ವಾ ಮೇಡಂ? ಸಿಮೆಂಟ್ ಏನು ಪಾಪ ಮಾಡಿತ್ತು? ಔಷಧಿ ಏನು ಪಾಪ ಮಾಡಿತ್ತು? ನಾನು ಕೊಂಡ್ರೆ ಇಡೀ ಮಾರುಕಟ್ಟೇನೇ ಕೊಳ್ಳೋದು. ಮೂರು ವರ್ಷದಿಂದ ಈ ಕೋಣೆಯಲ್ಲಿ ನಿಂತು ಗಂಟಲು ಹರ್ಕೊಂಡಿದ್ದೀನಿ. ಕೇಳಿದವರು ಅರ್ಧಂಬರ್ಧ ಕೇಳಿದ್ದಾರೆ."

ಆ ಮಾತಿನಲ್ಲಿದ್ದ ನೋವು ನಿಜವಾಗಿತ್ತು. ಇನ್ಸ್‌ಪೆಕ್ಟರ್ ಅವರನ್ನು ಬಿಟ್ಟುಬಿಟ್ಟರು.

"ಹಲ್ಲಿಗೇನಾಗಿದೆ ನಿಮಗೆ?"

"ಏನೂ ಆಗಿಲ್ಲ. ಅಕ್ಕ ಫೋನ್ ಮಾಡಿ, ಸೋಮವಾರ ಬಂದು ಕ್ಲೀನ್ ಮಾಡಿಸ್ಕೊಳ್ಳಿ ಅಂದ್ರು. ಹೋದ ತಿಂಗಳು ತಾನೇ ಮಾಡಿಸಿದ್ದೆ."

"ನನಗೂ ಹಾಗೇ ಅಂದ್ರು," ಎಂದರು ಅಜ್ಜಿ. "ಕಟ್ಟಿಸಿಕೊಂಡ ಹಲ್ಲು ನಂದು. ಅದನ್ನೇನು ಕ್ಲೀನ್ ಮಾಡೋದೋ."

ಇನ್ಸ್‌ಪೆಕ್ಟರ್ ಮೇಜಿನ ಹತ್ತಿರ ಹೋಗಿ ರಿಜಿಸ್ಟರು ತಿರುಗಿಸಿದರು. ಹೋದ ಸೋಮವಾರ ಮೂವರು. ಅದರ ಹಿಂದಿನ ಸೋಮವಾರ ಇಬ್ಬರು. ಇವತ್ತು ಹದಿಮೂರು ಗೆರೆ ತುಂಬಿದ್ದವು. ಮೊದಲನೆಯದು ಮಾರುಕಟ್ಟೆ ತೆರೆಯುವ ಹೊತ್ತಿಗೆ. ಕೊನೆಯದು ಮುಚ್ಚುವ ಹೊತ್ತಿಗೆ. ಮೊದಲ ಗೆರೆಯಲ್ಲಿ ಇನ್ಸ್‌ಪೆಕ್ಟರ್ ಹೆಸರೇ ಇತ್ತು.

ಡ್ಯೂಟಿ ಮುಗಿಸಿ ಸಂಜೆ ಬರುತ್ತೇನೆ ಎಂದು ಅವರು ಕೇಳಿದ್ದರು. ಸಂಜೆ ಆಗುವುದೇ ಇಲ್ಲ ಎಂದಿದ್ದರು ಅಕ್ಕ.

ದವಡೆಯ ತುದಿಯಲ್ಲಿ ಸಣ್ಣಗೆ ಚುರ್ ಎಂದಿತು. ಗಡುವು ಹತ್ತಿರ ಬಂದಿತ್ತು.

* * *

"ಡಾಕ್ಟ್ರೇ, ಟೈಲರೇ, ಇಬ್ಬರೂ ಹೊರಗೆ ಬನ್ನಿ. ನಿಮ್ಮ ತುಂಡು ಪಾಸ್‌ವರ್ಡನ್ನ ನೀವು ನಿಮ್ಮ ಬೆರಳಿಂದಲೇ ಒತ್ತಿದ್ರಾ?"

"ನಾನೆಲ್ಲಿ ಒತ್ತಲಿ, ಗ್ಲೌಸ್ ಇತ್ತು," ಎಂದರು ವೈದ್ಯರು. "ಅಕ್ಕನ ಕಿವಿಯಲ್ಲಿ ಹೇಳಿದೆ. ಅವಳೇ ಒತ್ತಿದ್ಲು."

ಟೈಲರ್ ನಿಧಾನವಾಗಿ ಅವರ ಕಡೆ ತಿರುಗಿದರು. "ನನಗೆ ಕನ್ನಡಕ ಇರಲಿಲ್ಲ. ನಾನೂ ಅಕ್ಕನ ಕೈಲೇ..."

ಇಬ್ಬರೂ ಒಟ್ಟಿಗೆ ಮೂಲೆಯ ಮೇಜಿನ ಕಡೆ ನೋಡಿದರು.

"ಅರ್ಧ ಗುಟ್ಟು ಇಟ್ಕೊಂಡವರು ಇಬ್ಬರು," ಎಂದರು ಇನ್ಸ್‌ಪೆಕ್ಟರ್. "ಇಡೀ ಗುಟ್ಟು ಕೇಳಿಸಿಕೊಂಡವರು ಒಬ್ಬರೇ. ಫೋನ್ ಅವರ ಮೇಜಿನ ಮೇಲಿತ್ತು, ಶುಕ್ರವಾರದ ಮೆಸೇಜ್ ಅಳಿಸೋಕೆ ಒಂದು ಕ್ಷಣ ಸಾಕು. ಸಮ ಸಮ ಹಂಚೋದು ಮೇಷ್ಟ್ರ ಪಾಠ. ಮೂರು ವರ್ಷ ಇಲ್ಲೇ ಕೂತು ಕೇಳಿದವರು ಇನ್ಯಾರು? ಇವತ್ತು ನಿಮ್ಮ ಕೈ ಲ್ಯಾಪ್‌ಟಾಪ್ ಮುಟ್ಟಬಾರದು ಅಂತ ಹದಿಮೂರು ಬಾಯಿ ಸಾಲಾಗಿ ನಿಲ್ಲಿಸಿದ್ದಾರೆ. ಮೊದಲನೇ ಬಾಯಿ ಪೊಲೀಸಿನದ್ದು. ಕಾವಲಿಗೆ ಅಂತಲೇ ಇರಬೇಕು."

ಅಕ್ಕ ಪೆನ್ಸಿಲು ಕೆಳಗಿಟ್ಟರು. "ಇಂಜೆಕ್ಷನ್ ಹಿಡಿಯೋ ಹತ್ತು ನಿಮಿಷ ಇವನ ಕೈ ಖಾಲಿ ಇರತ್ತೆ ಅನ್ನೋದನ್ನೇ ಮರೆತುಬಿಟ್ಟೆ ಮೇಡಂ. ಇಷ್ಟು ವರ್ಷ ಇಲ್ಲೇ ಕೂತು ಅದನ್ನೇ ಮರೆತೆ ನೋಡಿ."

"ಅಕ್ಕಾ, ನೀನಾ?" ವೈದ್ಯರ ದನಿ ಏರಿತು. "ದುಡ್ಡು ಬೇಕು ಅಂದಿದ್ರೆ ಕೊಡ್ತಿರಲಿಲ್ವಾ?"

"ಮೂರು ಸಲ ಕೇಳಿದೆ. ಮೂರು ಸಲವೂ ನೀನು ತೆಗೆದೆ. ಅಲ್ಲಿಂದ ತೆಗೆದ್ರೆ ಅದು ನಿನ್ನ ಬ್ಯಾಂಕ್ ಖಾತೆಗೇ ಹೋಗೋದು. ಮಾರನೇ ದಿನ ಬೆಳಿಗ್ಗೆ ವಾಪಸ್ ಇಲ್ಲಿಗೇ. ದುಡ್ಡಾಗಿ ಇರೋವರೆಗೂ ಅದು ನಿನ್ನ ಕೈಲಿ ಉಳಿಯಲ್ಲ ಕಣೋ. ಷೇರಾದ್ರೆ ನೇರವಾಗಿ ನನ್ನ ಹೆಸರಿಗೆ ವರ್ಗ ಮಾಡಬಹುದು. ಶುಕ್ರವಾರ ಕೊಂಡದ್ದು ಇವತ್ತು ಸಂಜೆ ಖಾತೆಗೆ ಬರತ್ತೆ. ಫಾರಂ ತುಂಬಿಸಿ ಇಟ್ಟಿದ್ದೀನಿ. ಲ್ಯಾಬ್ ಚೀಟಿಗಳ ಮಧ್ಯೆ ಸೇರಿಸಿದ್ರೆ ನೀನು ಓದದೇ ಸಹಿ ಹಾಕ್ತೀಯಲ್ಲ."

"ಬ್ಯಾಂಕೇ ಯಾಕೆ?" ಮೇಷ್ಟ್ರಿಗೆ ಅದೊಂದೇ ಚಿಂತೆ.

"ಇವನು ಗೆದ್ದಾಗ ಬ್ಯಾಂಕಿನವರು ಶುಲ್ಕ ತಗೊಂಡ್ರು. ಸೋತಾಗ ಸಾಲ ಕೊಟ್ಟು ಬಡ್ಡಿ ತಗೊಂಡ್ರು. ಯಾರು ಅತ್ತರೂ ಅವರ ಮನೆ ದೀಪ ಆರಲ್ಲ ಅನ್ನಿಸ್ತು."

"ಅದು ಎಲ್ಲರಿಗೂ ಗೊತ್ತಿರೋದೇ ಅಕ್ಕ. ಆಗಲೇ ಬೆಲೆಯೊಳಗಿದೆ."

"ಇರಲಿ ಬಿಡಿ ಮೇಷ್ಟ್ರೇ. ನಾನೂ ಬೆಲೆ ಕೊಟ್ಟೇ ತಗೊಂಡಿದ್ದೀನಿ. ಪುಕ್ಕಟೆ ಕೇಳಲಿಲ್ಲ."

ವೈದ್ಯರು ಇನ್ಸ್‌ಪೆಕ್ಟರ್ ಕಡೆ ತಿರುಗಿದರು. "ಮೇಡಂ, ಇದು ತಪ್ಪಲ್ವಾ? ಬರ್ಕೊಳ್ಳಿ."

"ತಪ್ಪೇ. ಅನುಮತಿ ಇಲ್ದೆ ಬೇರೆಯವರ ಖಾತೆಗೆ ಕೈ ಹಾಕೋದು ತಪ್ಪು. ಬೇರೆಯವರ ದುಡ್ಡಲ್ಲಿ ಸಕ್ಕರೆ ಕಾರ್ಖಾನೆ ಕೊಳ್ಳೋಕೆ ಹೋಗೋದೂ ತಪ್ಪು. ಎರಡನ್ನೂ ಬರ್ಕೊಳ್ತೀನಿ. ಯಾರದ್ದು ಮೊದಲು?"

ಅಕ್ಕ ಫಾರಂ ಹೊರತೆಗೆದು ಎಲ್ಲರೆದುರಿಗೆ ಮೇಜಿನ ಮೇಲಿಟ್ಟರು. ಈ ಸಲ ಚೀಟಿಗಳ ಮಧ್ಯೆ ಅಲ್ಲ.

"ಓದಿ ಹಾಕು."

ವೈದ್ಯರು ಓದಿದರು. ಹನ್ನೆರಡು ಹೆಸರಿನ ಮೇಲೂ ಬೆರಳು ಆಡಿಸಿದರು. "ಅಕ್ಕಾ, ಏಳು ಬ್ಯಾಂಕ್ ಇವತ್ತು ಇಳಿದಿವೆ. ಕೊಂಡ ಬೆಲೆ ಬರಲಿ. ಒಂದು ವಾರ ತಡಿ."

"ಇಳಿದ್ರೆ ನಂದೇ ಇಳೀಲಿ. ನಾನೇ ಕಳಕೊಂಡದ್ದಾದ್ರೆ ಎಲ್ಲಿ ಹೋಯ್ತು ಅಂತಾದ್ರೂ ಗೊತ್ತಿರತ್ತೆ."

"ಒಂದೇ ವಾರ."

"ಡಾಕ್ಟ್ರೇ," ಎಂದರು ಅಜ್ಜಿ, "ಸಹಿ ಹಾಕಪ್ಪಾ. ನಾನಿನ್ನೂ ಐದನೇ ನಂಬರು."

ಕಾಯುತ್ತಿದ್ದವರೆಲ್ಲ ಹ್ಞೂಂ ಎಂದರು. ಯಾರೋ ಪೆನ್ನು ಕೊಟ್ಟರು. ವೈದ್ಯರು ಗ್ಲೌಸ್ ಕಳಚಿ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಸಹಿ ಹಾಕಿದರು. ಅಕ್ಷರ ಸ್ವಲ್ಪವೂ ಅಲುಗಲಿಲ್ಲ.

ಎರಡನೇ ಇಂಜೆಕ್ಷನ್ ಬಿಲ್ಲಿಗೆ ಸೇರಿಸಬಾರದು ಎಂಬ ಷರತ್ತಿನ ಮೇಲೆ ಇನ್ಸ್‌ಪೆಕ್ಟರ್ ಮತ್ತೆ ಕುರ್ಚಿಯಲ್ಲಿ ಮಲಗಿದರು. ಹಲ್ಲು ಒಂದೇ ಎಳೆತಕ್ಕೆ ಬಂತು. ಸರಿಯಾದ ಹಲ್ಲೇ ಬಂದಿತ್ತು.

ಸಂಜೆಯ ಹೊತ್ತಿಗೆ ಹನ್ನೆರಡು ಗೆರೆಗೆ ಅಡ್ಡಗೀಟು ಬಿತ್ತು. ವೈದ್ಯರು ಬೆನ್ನು ನೆಟ್ಟಗೆ ಮಾಡುತ್ತ ಹೊರಗೆ ಬಂದು, ಹದಿಮೂರನೆಯವರು ಬರಲಿಲ್ಲವೇ ಎಂದು ಕೇಳಿದರು. ಕಾಯುವ ಕೋಣೆಯಲ್ಲಿ ಯಾರೂ ಇರಲಿಲ್ಲ.

ಅಕ್ಕ ಮೇಜಿನ ಹಿಂದಿನಿಂದ ಎದ್ದರು. ಕನ್ನಡಕ ತೆಗೆದಿಟ್ಟು, ನೇರವಾಗಿ ಒಳಗೆ ಹೋಗಿ ಕುರ್ಚಿಯಲ್ಲಿ ಮಲಗಿದರು.

"ಎಡಗಡೆ, ಮೇಲಿಂದು. ಎರಡು ವರ್ಷದಿಂದ ನೋಯ್ತಾ ಇದೆ."

"ಎರಡು ವರ್ಷ? ನನ್ನ ಪಕ್ಕದಲ್ಲೇ ಕೂತು? ಯಾಕಕ್ಕಾ ಹೇಳಲಿಲ್ಲ?"

"ನಿನ್ನ ಕೈ ನಿಲ್ಲೋ ದಿನಕ್ಕೆ ಕಾಯ್ತಾ ಇದ್ದೆ," ಎಂದು ಅಕ್ಕ ಬಾಯಿ ತೆರೆದರು.