ಖಾಲಿ ಚಾಪೆಯ ಹೂಂಗುಟ್ಟು

ಗ್ರಂಥಾಲಯದ ಅಕ್ಕ ತಮ್ಮ ಬಾಯಿಂದಲೇ ಹೇಳಿದ್ದನ್ನು ಕೂಡಿಸದೆ ಕಳೆಯದೆ ಇಲ್ಲಿಡುತ್ತಿದ್ದೇನೆ.

ಶನಿವಾರದ ಮಕ್ಕಳ ಕಥಾಸಮಯಕ್ಕೆ ಅವರದೊಂದು ನಿಯಮವಿತ್ತು: ಕೇಳುವವರು ‘ಹೂಂ’ ಅನ್ನದ ಹೊರತು ಕಥೆ ಮುಂದೆ ಸಾಗದು. ಬರಬರುತ್ತಾ ಮಕ್ಕಳು ಬರುವುದೇ ನಿಂತುಹೋಯಿತು. “ಇವತ್ತೂ ಯಾರೂ ಬರದಿದ್ರೆ ಈ ಕಾರ್ಯಕ್ರಮ ನಿಲ್ಲಿಸಿಬಿಡೋಣಮ್ಮ” ಎಂದರು ಮೇಲಧಿಕಾರಿ.

ಆ ಮಧ್ಯಾಹ್ನವೂ ಯಾರೂ ಬರಲಿಲ್ಲ.

“ಗೋಡೆಗೆ ಕಥೆ ಹೇಳ್ತೀರಾ ಅಕ್ಕಾ?” ಎಂದು ಕಾವಲುಗಾರ ನಕ್ಕ.

“ಗೋಡೆಗೂ ಕಿವಿ ಇರುತ್ತಂತಲ್ಲಪ್ಪ!” ಎಂದ ಅಕ್ಕ, ಚಾಪೆಗಳನ್ನು ಹಾಸಿ, ಬಾಗಿಲು ಮುಂದೆ ಮಾಡಿ, ಪಟ್ಟು ಬಿಡದೆ ಕಥೆ ಶುರುಮಾಡಿದರು.

ಮೊದಲ ಮಾತು ಮುಗಿಸಿ ಅಭ್ಯಾಸಬಲದಿಂದ ತಡೆದರು. ಹಿಂದಿನ ಮೂಲೆಯಿಂದ ‘ಹೂಂ’ ಎಂದು ಕೇಳಿಸಿತು.

ಅತ್ತ ನೋಡಿದರೆ ಯಾರೂ ಇರಲಿಲ್ಲ. ಮಧ್ಯಾಹ್ನದ ಸೆಕೆಯಲ್ಲೂ ಕೈಯಲ್ಲಿದ್ದ ಪುಸ್ತಕ ತಣ್ಣಗೆ ಕೊರೆಯುತ್ತಿತ್ತು. ಎದ್ದು ಹೋಗಬಹುದಿತ್ತು, ಆದರೆ ಕಥೆಯನ್ನು ನಡುನೀರಿನಲ್ಲಿ ಕೈಬಿಡುವ ಜೀವವಲ್ಲ ಅದು. ಕೊನೆಯವರೆಗೂ ಹೇಳಿದರು. ಪ್ರತಿ ಮಾತಿಗೂ ಹೂಂಗುಟ್ಟು ಬಂತು, ಪ್ರತಿ ಸಲವೂ ತುಸು ಹತ್ತಿರದಿಂದ. ಚಾಪೆಗಳನ್ನು ಸುತ್ತುವಾಗ ಅವರ ಮಂಡಿಯ ಬಳಿಯದು ಮಾತ್ರ, ಯಾರೋ ಈಗಷ್ಟೇ ಎದ್ದಂತೆ, ಬೆಚ್ಚಗಿತ್ತು.

ಹೊರಗೆ ಕಾವಲುಗಾರ, “ಒಂದು ಮಗು ಬಂದಿದೆ ಅಂತ ಸಾಹೇಬ್ರಿಗೆ ಹೇಳಿದೀನಿ ಅಕ್ಕಾ. ಎಷ್ಟು ಚೆನ್ನಾಗಿ ಹೂಂಗುಡ್ತಿತ್ತು! ಒಳಗೆ ಹೋಗಿದ್ದನ್ನ ಮಾತ್ರ ನಾನು ನೋಡಲೇ ಇಲ್ಲ” ಎಂದ.

ಕಾರ್ಯಕ್ರಮ ಉಳಿಯಿತು, ಮಕ್ಕಳೂ ಮರಳಿದರು. ಈಗ ಕೊಠಡಿ ಕಿಕ್ಕಿರಿದಿರುತ್ತದೆ. ಆದರೂ ಅಕ್ಕನ ಮಂಡಿಯ ಬಳಿಯ ಚಾಪೆಯ ಮೇಲೆ ಯಾರೂ ಕೂರುವುದಿಲ್ಲ. ಮೊನ್ನೆ ತಡವಾಗಿ ಬಂದು ನಿಂತೇ ಇದ್ದ ಹುಡುಗಿಯೊಬ್ಬಳಿಗೆ, “ಇಲ್ಲಿ ಬಂದು ಕೂತ್ಕೋ ಪುಟ್ಟಿ” ಎಂದರಂತೆ.

ಅವಳು ಆ ಚಾಪೆಯನ್ನೊಮ್ಮೆ ನೋಡಿ, “ಜಾಗ ಎಲ್ಲಿದೆ ಅಕ್ಕಾ?” ಎಂದಳಂತೆ.