ಕೆಳಗಿಡು ಅನ್ನಬೇಕಿತ್ತು

“ಒಳಗೆ ಹೋಗ್ತೀಯಾ, ಹೋಗಪ್ಪ. ಆದ್ರೆ ಯಾರು ಏನು ಕೊಟ್ರೂ ಕೈಯಾಗೆ ಇಸ್ಕಬೇಡ. ‘ಕೆಳಗಿಡು’ ಅನ್ನು. ಮರೀಬೇಡ ನಾಯನಾ,” ಅಂದಳು ಕುರಿ ಮೇಯಿಸುತ್ತಿದ್ದ ಚಿತ್ತಮ್ಮ.

ಹೇಮಂತ್ ಬೈಕಿಗೆ ಸ್ಟ್ಯಾಂಡ್ ಹಾಕುತ್ತಾ ನಕ್ಕ. ದಾವಣಗೆರೆಯ ಆಸಾಮಿ, ಮುಚ್ಚಿಹೋದ ರೈಲು ನಿಲ್ದಾಣಗಳ ಚರಿತ್ರೆ ಹುಡುಕಿ ವಿಡಿಯೋ ಮಾಡುವ ಹುಚ್ಚು. ಹೊಸ ಹಳಿ ಬೇರೆ ಕಡೆ ಬಿದ್ದ ಮೇಲೆ ಬಯಲಲ್ಲಿ ಅನಾಥವಾಗಿ ಉಳಿದಿದ್ದ ಈ ಕಲ್ಲುಕಟ್ಟಡಕ್ಕಾಗಿ ಚಳ್ಳಕೆರೆಯಿಂದ ಧೂಳು ಕುಡಿದು ಬಂದಿದ್ದ.

“ಯಾಕಜ್ಜಿ, ದೆವ್ವ ಕಾಫಿ ಕೊಡ್ತೈತಾ?”

“ನಗಬೇಡ. ಒಂದೇ ಹಳಿ ಇದ್ದ ಕಾಲ. ಟೇಸನ್ ಮಾಸ್ತರು ಟೋಕನ್ ಬಳೆ ಕೈಗೆ ಕೊಟ್ರೇನೇ ಡ್ರೈವರು ಗಾಡಿ ಬಿಡೋನು. ಒಂದಿನ ಎದುರುಗಾಡಿ ಬರೋದು ಮರೆತು ಕೊಟ್ಟುಬಿಟ್ಟ. ಎರಡೂ ಗಾಡಿ ಗುದ್ಕೊಂಡ್ವು. ಸತ್ತ ಡ್ರೈವರನ ಅವ್ವ ಆ ಬಳೆಗೇ ಮಾಟ ಮಾಡಿಸಿದ್ಲು. ಇಸ್ಕೊಂಡೋನು ಹೊಸಿಲು ದಾಟಂಗಿಲ್ಲ, ಇನ್ನೊಂದು ಕೈ ಇಸ್ಕೊಳ್ಳಾ ತನಕ.”

ಹೇಮಂತ್ ಜೊತೆಗೆ ಬಂದಿದ್ದ ಹೆಂಡತಿಯತ್ತ ಕಣ್ಣು ಮಿಟುಕಿಸಿದ. “ಕೇಳಿದ್ಯಾ ವೀಣಾ, ನಿಮ್ಮವ್ವನ ಶಾಸ್ತ್ರ ಇಲ್ಲಿಗೂ ಬಂದೈತೆ!”

ಮದುವೆಯಾದ ಹೊಸದರಲ್ಲಿ ವೀಣಾ ಉಪ್ಪು, ಮೆಣಸಿನಕಾಯಿ ಯಾರು ಕೊಟ್ಟರೂ ಕೈಯಲ್ಲಿ ಇಸಿದುಕೊಳ್ಳುತ್ತಿರಲಿಲ್ಲ; ‘ಕೆಳಗಿಡ್ರಿ’ ಅನ್ನುತ್ತಿದ್ದಳು. ರೇಗಿಸಿ ರೇಗಿಸಿ ಅವನೇ ಅದನ್ನು ಬಿಡಿಸಿದ್ದ. ಅವಳು ನಾಚಿ ನಕ್ಕು ಜಾಲಿಮರದ ನೆರಳಿಗೆ ಸರಿದಳು.

ಒಳಗೆ ಮಟಮಟ ಮಧ್ಯಾಹ್ನದಲ್ಲೂ ಕತ್ತಲೆ. ಬಾವಲಿ ಹಿಕ್ಕೆಯ ಘಾಟು, ತುಕ್ಕಿನ ವಾಸನೆ, ಅದರಡಿಯಲ್ಲೆಲ್ಲೋ ಸುಟ್ಟ ಕೂದಲಿನ ಕಮಟು. ಹೊರಗೆ ಹಳಿ ಟಣ್ಣೆಂದಿತು. ಅಲ್ಲಿ ಹಳಿ ಕಿತ್ತು ಎಷ್ಟೋ ವರ್ಷವಾಗಿತ್ತು.

ಟಿಕೆಟ್ ಕಿಂಡಿಯ ಪಕ್ಕ ಯುವಕನೊಬ್ಬ ಕೂತಿದ್ದ. ಜೀನ್ಸು ಪ್ಯಾಂಟು, ಹೆಗಲಿಗೆ ಕ್ಯಾಮೆರಾ ಚೀಲ, ಚೀಲದ ತುಂಬ ಜೇಡರ ಬಲೆ.

“ಸಾರ್, ಇದನ್ನ ಸ್ವಲ್ಪ ಹಿಡ್ಕೊಳ್ರಿ.”

ದೊಡ್ಡ ಬೆತ್ತದ ಬಳೆ, ಅದಕ್ಕೊಂದು ತೊಗಲಿನ ಚೀಲ. ಅಪ್ಪಟ ಟೋಕನ್ ಬಳೆ! ಹುಡುಕಿದರೂ ಸಿಗದ ವಸ್ತು. ಅಜ್ಜಿಯ ಮಾತು ನೆನಪಾಯಿತು, ನಗುವೂ ಬಂತು. ಹೇಮಂತ್ ಕೈಚಾಚಿ ಇಸಿದುಕೊಂಡ.

ಯುವಕ ಬಿಕ್ಕಿದ. “ತಪ್ಪಾತಣ್ಣ...” ಎದ್ದು ಓಡಿದ. ತಿರುಗಿಯೂ ನೋಡಲಿಲ್ಲ.

ಹೇಮಂತ್ ಬಾಗಿಲಿಗೆ ಬಂದ. ಕಾಲೆತ್ತಹೋದ. ಏಳಲಿಲ್ಲ. ಬಳೆ ಬಿಸಾಡಲು ನೋಡಿದ. ಬೆರಳು ಬಿಡಲಿಲ್ಲ. ಬೆತ್ತ ಬೆಚ್ಚಗಿತ್ತು, ಯಾರದೋ ಮಣಿಕಟ್ಟು ಹಿಡಿದಂತೆ.

ಓಡಿದವನನ್ನು ಕಂಡು ವೀಣಾ ಗಾಬರಿಯಿಂದ ಹೊಸಿಲಿಗೆ ಬಂದಳು. “ರೀ, ಯಾರದು? ಏನಾತು?”

ಬರಬೇಡ. ಹೋಗು. ಓಡು. ಮಾತೆಲ್ಲ ಗಂಟಲಲ್ಲೇ ಉಳಿಯಿತು. ಹೊರಬಿದ್ದದ್ದು ಬೇರೆ, ಅವನದೇ ಹಗುರ ದನಿಯಲ್ಲಿ: “ಏನಿಲ್ಲ ಕಣೆ. ಇದನ್ನ ಸ್ವಲ್ಪ ಹಿಡ್ಕೋ.”

ವೀಣಾ ಬಳೆ ನೋಡಿದಳು. ಅವನ ಮುಖ ನೋಡಿದಳು. ಅವಳ ತುಟಿ ಅಲ್ಲಾಡಿತು.

ಅನ್ನು, ವೀಣಾ. ಒಂದೇ ಒಂದು ಸಲ. ಕೆಳಗಿಡ್ರಿ ಅನ್ನು.

“ಬ್ಯಾಡಪ್ಪ, ಅದನ್ನ ಅಂದ್ರೆ ಆಮೇಲೆ ಮನೀಗೆ ಹೋಗಿ ನಗ್ತೀರಿ,” ಎಂದು ಒಳಗೆ ಕಾಲಿಟ್ಟು ಕೈಚಾಚಿದಳು.

ಅವನ ಬೆರಳು ಸಡಿಲಾದವು. ಕಾಲು ಹೊಸಿಲು ದಾಟಿದವು. ನಿಲ್ಲು ಅಂದ. ನಿಲ್ಲಲಿಲ್ಲ. ತಿರುಗು ಅಂದ. ತಿರುಗಲಿಲ್ಲ. ಬಯಲಿನ ಬಿಸಿಲಲ್ಲಿ ಓಡುತ್ತಲೇ ಇದ್ದವು. ಚಿತ್ತಮ್ಮ ಕುರಿಗಳ ಕಡೆ ಮುಖ ತಿರುಗಿಸಿಕೊಂಡಳು.

ಹಿಂದೆ, ಕತ್ತಲೊಳಗಿಂದ ದನಿ:

“ರೀ... ಕಾಲು ಏಳ್ತಿಲ್ಲ ರೀ...”