ಕಾಂತಿಯ ಜಾಜ್ ಮಂತ್ರಿಮಂಡಲ

"ಮುಖ್ಯಮಂತ್ರಿ ಮಾತಾಡುವುದು ಕೇಳುವುದಿಲ್ವಾ? ಎಲ್ಲರೂ ಬಾಯಿ ಮುಚ್ಚಿ!"

ಮುಖ್ಯಮಂತ್ರಿ ಎಂದರೆ ಬೇರೆ ಯಾರೂ ಅಲ್ಲ, ಬೆಳುವಾಯಿಯ ಶಾಲೆಯ ಐದನೇ ಕ್ಲಾಸಿನ ಕಾಂತಿ. ಮಕ್ಕಳೇ ಕೈ ಎತ್ತಿ ಆರಿಸಿದ ಶಾಲಾ ಮಂತ್ರಿಮಂಡಲ ಅದು. ಆರಿಸಿದ್ದೇ ತಡ, ಜಗಳ ಶುರು.

ಗಂಟೆ ಮಂತ್ರಿ ನೋಣಯ್ಯ ಮೇಜು ಗುದ್ದಿದ. ತೋಟದ ಮಂತ್ರಿ ನಸೀಬಾ ಅವನಿಗಿಂತ ಜೋರಾಗಿ ಬೊಬ್ಬೆ ಹಾಕಿದಳು. ನೀರಿನ ಮಂತ್ರಿ ಅಮ್ಮಣಿ ಏನೋ ಹೇಳಲು ಬಾಯಿ ತೆರೆದಳು. ಕಾಂತಿ ಬಿಡಬೇಕಲ್ಲ!

"ಕುಡಿಯುವ ನೀರಿನ ಗಡಿಗೆ ಯಾಕೆ ದಿನಾ ಖಾಲಿ? ನಿನಗೆ ಬರೀ ಉದಾಸೀನ!"

ಅಮ್ಮಣಿ ಬಾಯಿ ಮುಚ್ಚಿದಳು. ಅಷ್ಟರಲ್ಲಿ ಹೆಡ್ ಮಾಸ್ಟ್ರು ಬಾಗಿಲಿಗೆ ಬಂದರು.

"ಇದು ಮಂತ್ರಿಮಂಡಲವೋ, ಮೀನು ಮಾರ್ಕೆಟ್ಟೋ? ನಾಳೆಯ ಮೀಟಿಂಗಿಗೆ ನಾನೂ ಬರ್ತೇನೆ. ಹೀಗೇ ಆದರೆ ಬೇರೆ ಮುಖ್ಯಮಂತ್ರಿ."

ಕಾಂತಿ ಅಳುಮುಖ ಹೊತ್ತು ಮನೆಗೆ ಬಂದಳು. ಜಗಲಿಯಲ್ಲಿ ಶೀನಪ್ಪ ಮಾವ ಕೂತಿದ್ದರು. ಅವರು ಬೊಂಬಾಯಿಯ ದೊಡ್ಡ ಹೋಟೆಲಿನಲ್ಲಿ ಸಪ್ಲೈಯರ್. ರಜೆಯಲ್ಲಿ ಬಂದರೆ ಅಲ್ಲಿನ ಜಾಜ್ ಬ್ಯಾಂಡಿನ ಕತೆಯೇ ಕತೆ.

"ನಿನ್ನ ಮಂತ್ರಿಗಳಿಗಿಂತ ನಮ್ಮ ಬ್ಯಾಂಡಿನವರು ವಾಸಿ ಮಾರಾಯ್ತಿ," ಎಂದರು ಮಾವ, ಅವಳ ಶಾಲೆಯ ಜಗಳದ ಕತೆ ಕೇಳಿ.

"ಅವರನ್ನೇ ಸರ್ಕಾರಕ್ಕೆ ಸೇರಿಸುವನಾ?"

"ಸೇರಿಸುವ! ಡ್ರಮ್ಮಿನವ ಪೋಸ್ಟ್ ಮಾಸ್ಟರ್. ಠಪ್ ಠಪ್ ಠಟ್ಟಪ್ ಅಂತ ಸೀಲ್ ಹೊಡೀತಾನೆ. ಕಾರ್ಡು ಹಾಕ್ಲಿಕ್ಕೆ ಬಂದ ಅಜ್ಜಂದಿರು ಕುಣೀತಾ ಮನೆಗೆ ಹೋಗ್ತಾರೆ."

"ಸ್ಯಾಕ್ಸೊಫೋನಿನವ?"

"ಶಾನುಭೋಗ. ಗದ್ದೆ ಅಳೆಯುವ ಮೊದಲು ಒಮ್ಮೆ ಊದ್ತಾನೆ. ಕೋಣಗಳೆಲ್ಲ ಅವನ ಹಿಂದೆಯೇ. ಅಳತೆ ಮುಗಿಯುವುದು ಕಾರ್ಕಳದಲ್ಲಿ!"

ಕಾಂತಿಗೆ ನಗು ತಡೆಯಲಾಗಲಿಲ್ಲ. "ಟ್ರಂಪೆಟ್ಟಿನವ ಆರೋಗ್ಯ ಮಂತ್ರಿ, ಮಾವ! ಇಂಜೆಕ್ಷನ್ ಚುಚ್ಚುವಾಗ ಪೇಂ ಅಂತ ಊದಿದ್ರೆ ಮಕ್ಕಳು ಅತ್ತದ್ದು ಯಾರಿಗೂ ಕೇಳುವುದಿಲ್ಲ!"

ಮಾವ ಚೊಂಬನ್ನು ಬಾಯಿಗಿಟ್ಟು ಪೇಂ ಎಂದರು. ಕಾಂತಿ ಅಡುಗೆಮನೆಯ ಸೌಟು ತಂದು ಮಣೆ ಬಾರಿಸಿದಳು. ಒಳಗಿನಿಂದ ಅಮ್ಮ ಕೂಗಿದರು, "ಸಾರು ಬಡಿಸ್ಲಿಕ್ಕೆ ಆ ಸೌಟು ಕೊಡ್ತೀಯಾ, ಇಲ್ವಾ?"

ನಗು ನಿಂತ ಮೇಲೆ ಕಾಂತಿ ಕೇಳಿದಳು, "ಮಾವ, ಒಬ್ಬ ಊದುವಾಗ ಬ್ಯಾಂಡಿನ ಲೀಡರ್ ಏನು ಮಾಡ್ತಾನೆ?"

"ಕಾಲಲ್ಲಿ ತಾಳ ಹಾಕ್ತಾ ಕೇಳ್ತಾನೆ."

"ಅಷ್ಟೇಯಾ?"

"ಅಷ್ಟೇ. ಅವನ ಸರದಿಯೂ ಬರ್ತದಲ್ಲ."

ಮರುದಿನ ಹೆಡ್ ಮಾಸ್ಟ್ರು ಕುರ್ಚಿ ಎಳೆದು ಕೂತರು. ಕಾಂತಿ ಎದ್ದು ನಿಂತಳು.

"ಇವತ್ತು ಜಾಜ್ ಮೀಟಿಂಗ್. ಒಬ್ಬೊಬ್ಬರೇ ಊದುವುದು. ಉಳಿದವರದ್ದು ಕಾಲಲ್ಲಿ ತಾಳ ಮಾತ್ರ."

ಹೆಡ್ ಮಾಸ್ಟ್ರ ಹುಬ್ಬು ಮೇಲೆ ಹೋಯಿತು. ನೋಣಯ್ಯ ಗಂಟೆಯ ಬಗ್ಗೆ ಹೇಳಿದ, ನಸೀಬಾ ಬದನೆ ಗಿಡದ ಬಗ್ಗೆ ಹೇಳಿದಳು. ಕಾಂತಿಯ ನಾಲಗೆ ತುದಿಯಲ್ಲಿ ಮಾತು ಕುಣಿಯುತ್ತಿತ್ತು. ಅವಳು ತುಟಿ ಕಚ್ಚಿ ಕಾಲು ಬಡಿದಳು. ಟಪ್, ಟಪ್.

ಅಮ್ಮಣಿಯ ಸರದಿ. ಅವಳು ಲಂಗದ ತುದಿ ತಿರುಚಿದಳು. ಕಾಂತಿ ಕಾದಳು. ಟಪ್, ಟಪ್, ಟಪ್.

"ಕೊಡಪಾನ ಬಾವಿಗೆ ಬಿದ್ದು ವಾರ ಆಯ್ತು," ಎಂದಳು ಅಮ್ಮಣಿ ಮೆಲ್ಲಗೆ. "ನಾನು ಮನೆಯಿಂದ ಚೊಂಬಲ್ಲಿ ನೀರು ತರ್ತಾ ಇದ್ದೇನೆ. ಗಡಿಗೆ ತುಂಬುವುದೇ ಇಲ್ಲ."

"ಮೊದಲೇ ಹೇಳ್ಬಾರ್ದಿತ್ತಾ ಮಗಾ?" ಎಂದರು ಹೆಡ್ ಮಾಸ್ಟ್ರು.

"ಹೇಳ್ಲಿಕ್ಕೆ ಹೊರಟಿದ್ದೆ ಸಾರ್."

ಕಾಂತಿಯ ಕಾಲು ನಿಂತಿತು. ನಿನ್ನೆ ಅಮ್ಮಣಿ ತೆರೆದ ಬಾಯಿ ನೆನಪಾಯಿತು. ಅವಳಿಗೆ ತುಂಬಾ ನಾಚಿಕೆಯಾಯಿತು.

"ಈಗ ಮುಖ್ಯಮಂತ್ರಿಯ ಸರದಿ," ಎಂದರು ಹೆಡ್ ಮಾಸ್ಟ್ರು.

ಕಾಂತಿ ಅಮ್ಮಣಿಯನ್ನು ನೋಡಿದಳು. ಅವಳ ತುಟಿ ಇನ್ನೂ ಅಲುಗುತ್ತಿತ್ತು.

"ಅಮ್ಮಣಿದು ಮುಗಿಲಿಲ್ಲ ಸಾರ್," ಎಂದು ಕಾಂತಿ ಮತ್ತೆ ತಾಳ ಹಾಕತೊಡಗಿದಳು.

ಸ್ವಲ್ಪ ಹೊತ್ತಿಗೆ ಮೇಜಿನ ಕೆಳಗೆ ದೊಡ್ಡದೊಂದು ಚಪ್ಪಲಿಯೂ ಟಪ್ ಟಪ್ ಎಂದಿತು.